ನಾಗ್ರಾ ಇಲ್ಲದ ದೃಶ್ಯ: ಹಾಸನದ ಆಲ್ಬಂ ನಿರ್ದೇಶಕನ ಮೊದಲ ಸಿನಿಮಾ, ಒಂದು ಪ್ರಕರಣ ಅಧ್ಯಯನ

ಪ್ರಕರಣ ಇಷ್ಟು. ಹಾಸನದಲ್ಲೇ ಇದ್ದುಕೊಂಡು ಆಲ್ಬಂ ಸಾಂಗ್‌ಗಳಿಂದ, ಅಂದರೆ ಸಿನಿಮಾದ ಹೊರಗೆ ಬಿಡಿಯಾಗಿ ಬರುವ ಹಾಡಿನ ವಿಡಿಯೋಗಳಿಂದ, ಹೆಸರು ಮಾಡಿದ ನಿರ್ದೇಶಕನೊಬ್ಬ ಮೊದಲ ಬಾರಿಗೆ ಪೂರ್ತಿ ಸಿನಿಮಾ ಮಾಡಿದ. ರಫ್ ಕಟ್, ಅಂದರೆ ಎಡಿಟಿಂಗ್‌ನ ಮೊದಲ ಕಚ್ಚಾ ಜೋಡಣೆ, ಎರಡೂಮುಕ್ಕಾಲು ಗಂಟೆ ಬಂತು. ಎಡಿಟಿಂಗ್ ರೂಮಿನಲ್ಲಿ ನೋಡಲು ಕೂತವರೆಲ್ಲ ಹಾಡು ಬಂದಾಗ ಮೊಬೈಲ್ ಕೆಳಗಿಟ್ಟರು, ಮಾತು ಶುರುವಾದ ಕೂಡಲೇ ಎತ್ತಿಕೊಂಡರು. ಕೊನೆಗೆ ನಿರ್ಮಾಪಕರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಪ್ಪಾ, ಹಾಡ್ನಲ್ಲಿ ಅಷ್ಟು ಲಕ್ಷಣವಾಗಿ ಕಾಣೋ ಹುಡುಗಿ ಮಾತಾಡುವಾಗ ಯಾಕೆ ಅಷ್ಟೊಂದು ಹೆದ್ರುಕೊಂಡವ್ಳೆ?"

ಆ ಪ್ರಶ್ನೆಗೆ ಉತ್ತರ ಸಿಗಲು ಒಂದು ಮಳೆಗಾಲ ಹಿಡಿಯಿತು. ಉತ್ತರ ಸಿಕ್ಕ ಮೇಲೆ ಸಿನಿಮಾ ಅಷ್ಟೇ ಅಲ್ಲ, ಆ ನಿರ್ದೇಶಕ ಕೆಲಸ ಮಾಡುವ ರೀತಿಯೇ ಬದಲಾಯಿತು. ನಾನು ನಾಟಕದ ಕಡೆಯವನು. ಎಡಿಟರ್ ಹಳೆಯ ಗೆಳೆಯ, ಅವನು ಕರೆದದ್ದಕ್ಕೆ ಈ ಪ್ರಕರಣದೊಳಗೆ ಕಾಲಿಟ್ಟೆ. ಇದರಲ್ಲಿ ಬರುವವರ ಹೆಸರನ್ನೂ ಸಿನಿಮಾದ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಬರೆಯಬಹುದು ಎಂದು ನಿರ್ದೇಶಕನೇ ಹೇಳಿದ್ದಾನೆ, "ನಂದು ಬರೀರಿ ಸಾರ್, ಹುಡುಗಿ ಹೆಸರು ಮಾತ್ರ ಬೇಡ" ಎಂಬ ಒಂದೇ ಷರತ್ತಿನ ಮೇಲೆ.

ಎಲ್ಲಿಂದ ಬಂದವನು

ಅರಕಲಗೂಡು ತಾಲ್ಲೂಕಿನ ಹುಡುಗ. ಅಪ್ಪ ಹೊಗೆಸೊಪ್ಪು ಬೆಳೆದು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹಾಕುವವರು. ಮಗ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಹಾಸನದ ಫೋಟೋ ಸ್ಟುಡಿಯೋ ಒಂದರಲ್ಲಿ ಲೈಟು ಹಿಡಿಯಲು ಸೇರಿದ. ಅಲ್ಲಿಂದ ಮದುವೆ ವಿಡಿಯೋ, ಆಮೇಲೆ ಪ್ರೀ ವೆಡ್ಡಿಂಗ್. ಆ ಕಾಲಕ್ಕೆ ಹಾಸನ ಚಿಕ್ಕಮಗಳೂರಿನ ಯಾವ ಜೋಡಿಯ ವಿಡಿಯೋ ತೆಗೆದರೂ ಜಾಗಗಳು ಅವೇ. ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚು, ಸಕಲೇಶಪುರದ ಮಂಜರಾಬಾದ್ ಕೋಟೆ, ತೀರಾ ಹಟ ಹಿಡಿದರೆ ಮುಳ್ಳಯ್ಯನಗಿರಿ. ಹೇಮಾವತಿ ತುಂಬಿದಾಗ ಚರ್ಚು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೇ ಓಡಾಡಬಹುದು. ಎರಡು ಕಾಲಕ್ಕೂ ಬೆಳಕು ಬೇರೆ. ಬೆಳಗ್ಗೆ ಎಷ್ಟು ಗಂಟೆಗೆ ಯಾವ ಕಮಾನಿನಿಂದ ಬಿಸಿಲು ಬೀಳುತ್ತದೆ ಎಂದು ಅವನು ಇವತ್ತಿಗೂ ಬಾಯಲ್ಲೇ ಹೇಳುತ್ತಾನೆ.

ಮದುವೆ ವಿಡಿಯೋವನ್ನು ಕೀಳಾಗಿ ನೋಡುವ ಸಿನಿಮಾದವರನ್ನು ಕಂಡಿದ್ದೇನೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಧಾರೆಗೆ ರೀಟೇಕ್ ಇಲ್ಲ. ಪುರೋಹಿತರು ಅಡ್ಡ ನಿಂತರೂ, ಸೋದರಮಾವ ಫ್ಲ್ಯಾಶ್ ಹೊಡೆದರೂ, ತಾಳಿ ಕಟ್ಟುವ ಕೈ ಫ್ರೇಮಿನಲ್ಲಿ ಇರಲೇಬೇಕು. ಹೊತ್ತಿಗೆ ಸರಿಯಾಗಿ ಬರುವುದು, ಕೈಯಲ್ಲಿ ಇರುವುದರಲ್ಲೇ ಮುಗಿಸುವುದು, ಹತ್ತು ಜನ ಹತ್ತು ಮಾತಾಡಿದರೂ ತಲೆ ಕೆಡಿಸಿಕೊಳ್ಳದೆ ಇರುವುದು, ಈ ಮೂರನ್ನೂ ಅವನು ಕಲ್ಯಾಣ ಮಂಟಪದಲ್ಲೇ ಕಲಿತ.

ಆಲ್ಬಂ ಸಾಂಗ್‌ಗೆ ಬಂದದ್ದು ಊರ ದೇವತೆಯ ಜಾತ್ರೆಯ ಹಾಡೊಂದರಿಂದ. ಹಾಡಿದವರೇ ದುಡ್ಡು ಹಾಕಿದ್ದರು. ಅದು ಓಡಿತು. ಆಮೇಲೆ ಕಾಲೇಜು ಹುಡುಗರ ಪ್ರೀತಿ ಹಾಡು, ಚುನಾವಣೆ ಹೊತ್ತಿಗೆ ಹಾಡು, ದುಬೈಯಲ್ಲಿ ಕೂತ ಮಲೆನಾಡಿನವರೊಬ್ಬರ ಊರು ನೆನಪಿನ ಹಾಡು. ಒಂದು ಹಾಡಿಗೆ ಒಂದೂವರೆ ಲಕ್ಷದಿಂದ ಮೂರು ಲಕ್ಷ ಬಜೆಟ್. ಅದರಲ್ಲೇ ಕ್ಯಾಮೆರಾ ಬಾಡಿಗೆ, ಡ್ಯಾನ್ಸ್ ಮಾಸ್ಟರ್, ಊಟ, ಬೇಟಾ (ದಿನಭತ್ಯೆ), ಕಲರಿಂಗ್ ಎಲ್ಲ. ಉಳಿದದ್ದು ನಿರ್ದೇಶಕನಿಗೆ. ಉಳಿಯದಿದ್ದರೆ ಇಲ್ಲ.

ಈ ಕೆಲಸದ ಒಳಗು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಲ್ಬಂ ನಿರ್ದೇಶಕನ ಕೈಗೆ ಬರುವಾಗ ಹಾಡು ಪೂರ್ತಿ ತಯಾರಾಗಿರುತ್ತದೆ. ನಾಲ್ಕು ನಿಮಿಷ ಎಂದರೆ ನಾಲ್ಕೇ ನಿಮಿಷ. ಪಲ್ಲವಿ ಎಲ್ಲಿ ಏರುತ್ತದೆ, ಚರಣ ಎಲ್ಲಿ ತಗ್ಗುತ್ತದೆ, ಮಧ್ಯೆ ಕೊಳಲಿನ ಬಿಟ್ ಎಷ್ಟು ಹೊತ್ತು, ಎಲ್ಲವನ್ನೂ ಸಂಗೀತ ನಿರ್ದೇಶಕ ಮೊದಲೇ ತೀರ್ಮಾನ ಮಾಡಿರುತ್ತಾನೆ. ಸೆಟ್‌ನಲ್ಲಿ ನಾಗ್ರಾ ಹಾಕುತ್ತಾರೆ, ಅಂದರೆ ಸ್ಪೀಕರಿನಲ್ಲಿ ಹಾಡು ಓಡುತ್ತದೆ, ಕಲಾವಿದರು ಅದಕ್ಕೆ ತುಟಿ ಆಡಿಸುತ್ತಾರೆ. ಸ್ಲೋ ಮೋಷನ್ ಬೇಕಾದರೆ ಕ್ಯಾಮೆರಾವನ್ನು ಸೆಕೆಂಡಿಗೆ 48 ಫ್ರೇಮಿಗೆ ಇಟ್ಟು ಹಾಡನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾರೆ. ಹುಡುಗಿ ಗಿಣಿಯ ಹಾಗೆ ಪಟಪಟ ತುಟಿ ಆಡಿಸಿದ್ದು 24 ಫ್ರೇಮಿನಲ್ಲಿ ನೋಡುವಾಗ ತೇಲುತ್ತಾ ಬರುತ್ತದೆ, ಆದರೂ ಸಾಹಿತ್ಯಕ್ಕೆ ಸರಿಯಾಗಿ ಕೂರುತ್ತದೆ. ಲೊಕೇಷನ್ನಿನ ಶಬ್ದ ಯಾರಿಗೂ ಬೇಕಿಲ್ಲ. ಹಾಗಾಗಿ ಶಾಟ್ ನಡೆಯುವಾಗಲೇ ನಿರ್ದೇಶಕ ಪಕ್ಕದಲ್ಲಿ ನಿಂತು ಕೂಗುತ್ತಿರುತ್ತಾನೆ: "ತಿರುಗು... ಈಗ ನೋಡು... ನಗು... ಸಾಕು, ಕಣ್ಣು ಕೆಳಗೆ."

ಈ ಕೂಗುವುದರಲ್ಲಿ ನಮ್ಮ ನಿರ್ದೇಶಕ ಪಳಗಿದ್ದ. ಕ್ಯಾಮೆರಾ ಮುಂದೆ ಯಾವತ್ತೂ ನಿಲ್ಲದ ಡಿಗ್ರಿ ಕಾಲೇಜಿನ ಹುಡುಗಿಯಿಂದಲೂ ಚಂದದ ನಾಲ್ಕು ನಿಮಿಷ ತೆಗೆಯುತ್ತಿದ್ದ.

ಸಿನಿಮಾ ಹೇಗೆ ಬಂತು

ಇಲ್ಲಿ ವಿಯೆಟ್ನಾಮಿನ ಬರಗಾಲ ಬರುತ್ತದೆ. ವಿಯೆಟ್ನಾಂ, ಬ್ರೆಜಿಲ್ ಎರಡೂ ಕಡೆ ಬೆಳೆ ಕೈಕೊಟ್ಟು 2024ರಲ್ಲಿ ರೊಬಸ್ಟಾ ಕಾಫಿಯ ಬೆಲೆ ದಶಕಗಳಿಂದ ಕಾಣದಷ್ಟು ಏರಿತು. ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ 5,000 ಡಾಲರ್ ದಾಟಿತು. ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆಯ ಬೆಳೆಗಾರರು ಹಳೆಯ ಬ್ಯಾಂಕ್ ಸಾಲ ತೀರಿಸಿದರು, ಹೊಸ ಜೀಪು ತಂದರು, ಮನೆಗೆ ಹೆಂಚು ಬದಲಿಸಿದರು. ಒಬ್ಬರು ಸಿನಿಮಾ ಮಾಡಲು ಹೊರಟರು. ಮೂಡಿಗೆರೆ ಕಡೆಯ ಗೌಡರು. ಅವರ ಮಗಳ ಮದುವೆ ವಿಡಿಯೋ ತೆಗೆದವನು ಇದೇ ಹುಡುಗ. "ನೀನು ಮಾಡ್ತೀನಿ ಅಂದ್ರೆ ನಾನು ಹಾಕ್ತೀನಿ" ಎಂದರಂತೆ. ಇಡೀ ಒಪ್ಪಂದ ಅಷ್ಟೇ. ಕಾಗದದಲ್ಲಿ ಬರೆದದ್ದು ಒಂದೇ ಒಂದು ಹಾಳೆ, ಅದೂ ಕಾಫಿ ವ್ಯಾಪಾರದ ಲೆಟರ್‌ಹೆಡ್ ಮೇಲೆ.

ಕಾಫಿ ದುಡ್ಡಿನ ಸಿನಿಮಾಕ್ಕೆ ಒಂದು ಗುಣ ಇದೆ. ಅದು ಬೆಳೆಯ ಹಾದಿಯಲ್ಲೇ ನಡೆಯುತ್ತದೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಬೇಸಿಗೆಯಲ್ಲಿ ಕೈತುಂಬ ದುಡ್ಡು, ಆಷಾಢಕ್ಕೆ ಗೊಬ್ಬರ ಔಷಧಿ ಎಂದು ಕೈ ಬಿಗಿ. ಹಾಗಾಗಿ ಫೆಬ್ರವರಿಯಲ್ಲಿ ಶುರುವಾದ ಶೂಟಿಂಗ್ ಮಳೆ ಹಿಡಿಯುವ ಮೊದಲು ಮುಗಿಯಲೇಬೇಕಿತ್ತು. ತಯಾರಿಗೆ ಸಮಯ ಕೇಳುವ ಧೈರ್ಯ ಮೊದಲ ಸಿನಿಮಾದ ನಿರ್ದೇಶಕನಿಗೆ ಎಲ್ಲಿ ಬರಬೇಕು?

ಗೌಡರದ್ದು ಒಂದೇ ಆಸೆ, ಕಾಫಿ ಹೂವು ತೆರೆಯ ಮೇಲೆ ಕಾಣಬೇಕು. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಬಾಡಿಹೋಗುತ್ತದೆ. ಮಳೆಯನ್ನು ನಂಬಿ ಕಾಲ್‌ಶೀಟ್ ಕೊಡಲಾಗುವುದಿಲ್ಲ. ಗೌಡರ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಇತ್ತು. ಯೂನಿಟ್ ಬರುವ ದಿನ ಹಿಂದಕ್ಕೆ ಎಣಿಸಿ ಒಂದು ಪಟ್ಟೆಗೆ ಮಾತ್ರ ನೀರು ಹೊಡೆಸಿದರು. ಹೂವು ಹೇಳಿದ ದಿನಕ್ಕೆ ಬಂತು, ಹಾಡು ಶೂಟ್ ಆಯಿತು. ಯಾವ ದೊಡ್ಡ ಬ್ಯಾನರಿನ ಪ್ರೊಡಕ್ಷನ್ ಮ್ಯಾನೇಜರೂ ಮಾಡದ ಕೆಲಸ ಅದು, ಮೆಚ್ಚಲೇಬೇಕು. ಪಕ್ಕದ ತೋಟದವರು ಮಾತ್ರ ಜೇನುಹುಳ ಓಡಿಸಿದಿರಿ ಎಂದು ಬೈದರು.

ಉಳಿದ ಶೂಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಲೂರು ಸಕಲೇಶಪುರ ಕಡೆ ರಾತ್ರಿ ದೃಶ್ಯ ಇಟ್ಟಿದ್ದರು. ಆನೆ ಇಳಿದಿದೆ ಎಂದು ಅರಣ್ಯ ಇಲಾಖೆಯ ಸಂದೇಶ ಬಂದು ಎರಡು ರಾತ್ರಿ ಪ್ಯಾಕಪ್ ಆಯಿತು, ಕೊನೆಗೆ ಆ ದೃಶ್ಯವನ್ನು ಹಗಲಿಗೆ ಬದಲಿಸಿದರು. ಹಳ್ಳಿಕಾರ್ ಎತ್ತಿನ ಜೋಡಿಯೊಂದು ಕಥೆಯಲ್ಲಿ ಇತ್ತು. ಆಲ್ಬಂ ಮಾಡುವಾಗ ಎತ್ತು, ನಾಯಿ, ಕುದುರೆ ಯಾವುದನ್ನು ಫ್ರೇಮಿಗೆ ತಂದರೂ ಕೇಳುವವರಿರಲಿಲ್ಲ. ಸಿನಿಮಾಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಶೂಟಿಂಗಿಗೆ ಮೊದಲೇ ಪಡೆಯಬೇಕು, ಆ ಕಾಗದವಿಲ್ಲದೆ ಸೆನ್ಸಾರ್ ಮುಂದೆ ಹೋಗುವುದಿಲ್ಲ. ಇದು ಯೂನಿಟ್‌ಗೆ ತಿಳಿದಾಗ ಎತ್ತುಗಳು ಶೂಟಿಂಗ್ ಮುಗಿಸಿ ಮನೆಗೆ ಹೋಗಿ ಹುಲ್ಲು ತಿನ್ನುತ್ತಿದ್ದವು. ಅವು ಇದ್ದ ಶಾಟ್‌ಗಳೆಲ್ಲ ಹೋದವು.

ಹುಡುಗಿ ಯಾಕೆ ಹೆದರಿದ್ದಳು

ರಫ್ ಕಟ್ ನೋಡಿದ ಮೇಲೆ ಒಬ್ಬೊಬ್ಬರದು ಒಂದೊಂದು ರೋಗನಿದಾನ. ಗೌಡರ ಪ್ರಕಾರ ಹುಡುಗಿಗೆ ನಟನೆ ಬರುವುದಿಲ್ಲ, ಬೆಂಗಳೂರಿನಿಂದ ಹೆಸರಿರುವವಳನ್ನು ಕರೆಸಬೇಕಿತ್ತು. ಕ್ಯಾಮೆರಾಮನ್ ಪ್ರಕಾರ ಡಬ್ಬಿಂಗ್‌ನಲ್ಲಿ ಎಲ್ಲ ಸರಿಹೋಗುತ್ತದೆ. ನಿರ್ದೇಶಕನ ನಂಬಿಕೆ ರೀರೆಕಾರ್ಡಿಂಗ್ ಮೇಲೆ, ಅಂದರೆ ಕೊನೆಗೆ ಸೇರಿಸುವ ಹಿನ್ನೆಲೆ ಸಂಗೀತದ ಮೇಲೆ: "ಮ್ಯೂಸಿಕ್ ಕೂತ್ರೆ ನೋಡಿ ಸಾರ್, ಎದ್ದು ಬರುತ್ತೆ."

ಹುಡುಗಿಯ ಮೇಲೆ ಹಾಕುವುದು ಸುಲಭ. ಆದರೆ ಹೆದರಿಕೆ ಅವಳೊಬ್ಬಳದೇ ಅಲ್ಲ, ಅವಳ ಅಣ್ಣನ ಪಾತ್ರ ಮಾಡಿದ ಅನುಭವಿ ನಟನ ಮುಖದಲ್ಲೂ ಇತ್ತು. ಹವ್ಯಾಸಿ ರಂಗಭೂಮಿಯಲ್ಲಿ ಇಪ್ಪತ್ತು ವರ್ಷ ಪಳಗಿದ ಮನುಷ್ಯ ಆತ. ಅವನೂ ಪ್ರತಿ ಮಾತಿಗೆ ಮುಂಚೆ ಒಂದು ಕ್ಷಣ ತಡೆಯುತ್ತಿದ್ದ. ಯೋಚಿಸುವವನ ತಡೆ ಅದಲ್ಲ. ಯಾರದೋ ಅಪ್ಪಣೆಗೆ ಕಾಯುವವನ ತಡೆ.

ಎಡಿಟರ್‌ಗೆ ಪೈಲಟ್ ಟ್ರ್ಯಾಕ್ ಹಾಕಲು ಹೇಳಿದೆ. ಡಬ್ಬಿಂಗ್ ಮಾಡುವ ಸಿನಿಮಾಗಳಲ್ಲಿ ಸೆಟ್‌ನ ಶಬ್ದವನ್ನು ಒಂದು ಗುರುತಿಗಾಗಿ ಮಾತ್ರ ಹಿಡಿದಿರುತ್ತಾರೆ. ರಫ್ ಕಟ್‌ನಲ್ಲಿ ಅದನ್ನು ತಗ್ಗಿಸಿ ಮೇಲೆ ಬೇರೆ ಸಂಗೀತ ಹರಡಿದ್ದರು. ಸಂಗೀತ ತೆಗೆದು ಪೈಲಟ್ ಏರಿಸಿದ ಕೂಡಲೇ ಎಲ್ಲ ಬಯಲಾಯಿತು. ದೃಶ್ಯದ ತುಂಬ ನಿರ್ದೇಶಕನ ದನಿ. ಅಣ್ಣ ತಂಗಿ ಜಗುಲಿಯಲ್ಲಿ ಕೂತು ಅಪ್ಪನ ಸಾಲದ ಮಾತಾಡುತ್ತಾರೆ. ಅವರ ನಡುವೆ "ಈಗ ತಿರುಗು... ನಿಧಾನ... ಈಗ ಹೇಳು... ಹೇಳಿದ್ಮೇಲೆ ಕೆಳಗೆ ನೋಡು" ಎಂದು ಮೂರನೆಯವನು ಕೂತಿದ್ದಾನೆ. ಹುಡುಗಿ ಅಣ್ಣನ ಮಾತು ಕೇಳುತ್ತಿರಲಿಲ್ಲ. ಕ್ಯಾಮೆರಾದ ಎಡಗಡೆಯಿಂದ ಬರುವ ಮಾತು ಕೇಳುತ್ತಿದ್ದಳು. ಗೌಡರಿಗೆ ಹೆದರಿಕೆಯಾಗಿ ಕಂಡದ್ದು ಅದೇ.

ಹತ್ತು ವರ್ಷ ನಾಗ್ರಾ ಹಾಕಿ ಕೂಗಿ ಕೆಲಸ ಮಾಡಿದವನಿಗೆ, ನಾಗ್ರಾ ಇಲ್ಲದ ದೃಶ್ಯದಲ್ಲೂ ಕೂಗುತ್ತಿದ್ದೇನೆ ಎಂಬ ಅರಿವೇ ಇರಲಿಲ್ಲ. ಹಾಡಿನಲ್ಲಿ ಕಲಾವಿದರಿಗೆ ಹೊತ್ತು ತಿಳಿಸಲು ಸಂಗೀತ ಇರುತ್ತದೆ, ನಿರ್ದೇಶಕನ ಕೂಗು ಅದರ ಮೇಲಿನ ಒಗ್ಗರಣೆ ಮಾತ್ರ. ಮಾತಿನ ದೃಶ್ಯದಲ್ಲಿ ಹೊತ್ತು ಹುಟ್ಟಬೇಕಾದದ್ದು ಎದುರಿಗಿರುವವರ ಮಾತಿನಿಂದ. ಅಲ್ಲಿಯೂ ಇವನ ದನಿಯೇ ಹೊತ್ತು ತಿಳಿಸಿತು.

ಈ ವಿವರಣೆಯನ್ನು ನಿರ್ದೇಶಕ ಒಪ್ಪಲಿಲ್ಲ. ಒಪ್ಪಿಸಿದ್ದು ಬೇರೊಂದು ದೃಶ್ಯ. ಇಡೀ ರಫ್ ಕಟ್‌ನಲ್ಲಿ ಮಾತಿನ ದೃಶ್ಯವೊಂದು ಮಾತ್ರ ಜೀವಂತವಾಗಿತ್ತು. ಅಜ್ಜಿ ಮೊಮ್ಮಗಳು ಕಣದಲ್ಲಿ ಕಾಫಿ ಎಳೆಯುತ್ತಾ ಮದುವೆಯ ಮಾತಾಡುವುದು, ಮೋಡ ಕವಿದದ್ದು ನೋಡಿ ಮಾತು ಅರ್ಧಕ್ಕೆ ಬಿಟ್ಟು ಟಾರ್ಪಾಲು ಎಳೆಯಲು ಓಡುವುದು. ಅದೇ ಹುಡುಗಿ, ಅದೇ ಕ್ಯಾಮೆರಾ. ಅದು ಯಾಕೆ ಚೆನ್ನಾಗಿ ಬಂತು ಎಂದು ಪೈಲಟ್ ಕೇಳಿದರೆ ಅದರಲ್ಲಿ ನಿರ್ದೇಶಕನ ದನಿಯೇ ಇಲ್ಲ. ಆವತ್ತು ಅವನು ಅನುಮತಿ ಪತ್ರಕ್ಕಾಗಿ ಚಿಕ್ಕಮಗಳೂರಿನ ಕಚೇರಿಯೊಂದರ ಮುಂದೆ ಕಾಯುತ್ತಿದ್ದ. ದೃಶ್ಯ ತೆಗೆದವನು ಸಹನಿರ್ದೇಶಕ.

ಎಡಿಟಿಂಗ್ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ ನಕ್ಕು, "ಹಂಗಾದ್ರೆ ನಾನು ಚಿಕ್ಕಮಗಳೂರಲ್ಲೇ ಇದ್ದಿದ್ರೆ ಸಿನಿಮಾ ಹಿಟ್ಟಾಗೋದು ಬಿಡಿ" ಎಂದ. ನಗುವಾಗ ಮುಖ ಕಪ್ಪಿಟ್ಟಿತ್ತು. ಆದರೂ ನಕ್ಕನಲ್ಲ, ಅಲ್ಲಿ ನನಗೆ ಅವನ ಮೇಲೆ ನಂಬಿಕೆ ಬಂತು.

ಎರಡನೆಯ ಗಂಟು ಎಡಿಟಿಂಗ್‌ನಲ್ಲಿತ್ತು. ಸಂಗೀತವಿಲ್ಲದೆ ಕಟ್ ಮಾಡುವುದು ಇವನಿಗೆ ಅಭ್ಯಾಸವಿಲ್ಲ. ಹಾಗಾಗಿ ಮಾತಿನ ದೃಶ್ಯಗಳ ಕೆಳಗೂ ತಾತ್ಕಾಲಿಕವಾಗಿ ಒಂದು ಟ್ರ್ಯಾಕ್ ಇಡಿಸಿದ್ದ. ನಿಮಿಷಕ್ಕೆ 96 ಬೀಟ್‌ನ ಟ್ರ್ಯಾಕ್. 24 ಫ್ರೇಮಿನ ಲೆಕ್ಕದಲ್ಲಿ ಒಂದು ಬೀಟಿಗೆ ಸರಿಯಾಗಿ 15 ಫ್ರೇಮ್, ನಾಲ್ಕು ಬೀಟಿಗೆ 60, ಅಂದರೆ ಎರಡೂವರೆ ಸೆಕೆಂಡ್. ಎಡಿಟರ್ ಟೈಮ್‌ಲೈನ್ ತೆರೆದು ತೋರಿಸಿದ. ಜಗುಲಿ ದೃಶ್ಯದ ಕಟ್‌ಗಳು ಹೆಚ್ಚುಕಡಿಮೆ ಎಲ್ಲವೂ 30 ಅಥವಾ 60ರ ಗುಣಿತದಲ್ಲಿ ಬಿದ್ದಿದ್ದವು. ಸಾಲ, ಅವಮಾನ, ಅಪ್ಪನ ಕಾಯಿಲೆ, ಎಲ್ಲವೂ ಎರಡೂವರೆ ಸೆಕೆಂಡಿಗೊಂದು. ಮಾತು ಮುಗಿದ ಮೇಲೆ ಕೇಳಿಸಿಕೊಂಡವರ ಮುಖದ ಮೇಲೆ ಏನು ನಡೆಯುತ್ತದೋ ಅದಕ್ಕೆ ಜಾಗವೇ ಇಲ್ಲ. ಮಾತಿನ ದೃಶ್ಯದ ಅರ್ಧ ಕಥೆ ಇರುವುದೇ ಅಲ್ಲಿ.

ಹಾಡು ತೆಗೆಯುವ ಜಗಳ

ರೋಗ ತಿಳಿಯಿತು, ಔಷಧಿಗೆ ದುಡ್ಡಿಲ್ಲ. ಆಗಸ್ಟ್ ತಿಂಗಳು, ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಕಾಲ. ಗೌಡರ ಕೈಯಲ್ಲಿ ನಗದಿಲ್ಲ. ಮೂರು ಮುಖ್ಯ ದೃಶ್ಯಗಳನ್ನಾದರೂ ಮತ್ತೆ ತೆಗೆಯಬೇಕು, ಆರು ಹಾಡಿನಲ್ಲಿ ಮೂರನ್ನಾದರೂ ಬಿಡಬೇಕು ಎಂದು ಎಡಿಟರ್ ಹೇಳಿದ. ಇಲ್ಲಿ ನಿಜವಾದ ಇಕ್ಕಟ್ಟು ಶುರುವಾಯಿತು. ಆಡಿಯೋ ಕಂಪನಿಯೊಂದು ನಿರ್ದೇಶಕನ ಆಲ್ಬಂ ಹೆಸರನ್ನು ನಂಬಿ ಹಾಡುಗಳಿಗೆ ಮುಂಗಡ ಕೊಟ್ಟಿತ್ತು. ಎರಡನೆಯ ಕಂತು ವಿಡಿಯೋ ಕೈಸೇರಿದ ಮೇಲೆ. ಹಾಡು ಕತ್ತರಿಸಿದರೆ ಆ ಕಂತು ಹೋಗುತ್ತದೆ, ಆ ಕಂತಿಲ್ಲದೆ ರೀಶೂಟ್ ಇಲ್ಲ.

ಗೌಡರು ಸಿಟ್ಟಾದರು. "ಹಾಡೊಂದೇ ಚೆನ್ನಾಗಿರೋದು ಅಂತ ನೀವೇ ಹೇಳ್ತೀರಿ, ಅದನ್ನೇ ಕಿತ್ತಾಕಿ ಅಂತಾನೂ ನೀವೇ ಹೇಳ್ತೀರಿ" ಎಂದರು. ಅವರ ಮಾತಿನಲ್ಲಿ ತರ್ಕವಿತ್ತು. ಹಾಡುಗಳು ಚೆನ್ನಾಗಿದ್ದವು, ಕಥೆಯನ್ನು ನಿಲ್ಲಿಸಿಬಿಡುತ್ತಿದ್ದವು ಅಷ್ಟೇ. ಒಂದೊಂದು ಹಾಡೂ ತನ್ನಷ್ಟಕ್ಕೆ ಮುಗಿದ ನಾಲ್ಕು ನಿಮಿಷದ ಸಿನಿಮಾ. ಅದು ಮುಗಿದ ಮೇಲೆ ನೋಡುವವನು ಮತ್ತೆ ಮೊದಲಿನಿಂದ ಕಥೆಯೊಳಗೆ ಹೋಗಬೇಕಿತ್ತು.

ದಾರಿ ತೋರಿಸಿದ್ದು ಆಡಿಯೋ ಕಂಪನಿಯ ಒಪ್ಪಂದದ ಕಾಗದವೇ. ಹಾಸನದ ವಕೀಲರೊಬ್ಬರು ಅದನ್ನು ಓದಿ ಹೇಳಿದರು: ಇದರಲ್ಲಿ ಹಾಡುಗಳ ಆಡಿಯೋ ವಿಡಿಯೋ ಒಪ್ಪಿಸಬೇಕು ಎಂದಿದೆ, ಆ ಹಾಡುಗಳು ಸಿನಿಮಾದ ಒಳಗೆ ಇರಲೇಬೇಕು ಎಂದಿಲ್ಲ. ಅಂದರೆ ಸಿನಿಮಾದಿಂದ ತೆಗೆದ ಹಾಡುಗಳನ್ನು ಆಲ್ಬಂ ಸಾಂಗ್ ಹಾಗೆ ಬೇರೆಯಾಗಿ ಕಟ್ಟಿ ಕೊಡಬಹುದು. ಬಿಡುಗಡೆಯಾದ ಹಾಡು ಸಿನಿಮಾದಲ್ಲಿ ಇಲ್ಲದೆ ಹೋಗುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಕಂಪನಿಯವರನ್ನು ಕೇಳಿದರೆ ಅವರಿಗೂ ಅದೇ ಬೇಕಿತ್ತು, ಮೊಬೈಲಿನಲ್ಲಿ ಓಡುವುದು ಹಾಡು ತಾನೆ.

ಆ ಕೆಲಸವನ್ನು ನಿರ್ದೇಶಕ ಎರಡೇ ವಾರದಲ್ಲಿ ಮುಗಿಸಿದ. ಕತ್ತರಿಸಿದ ಫೂಟೇಜ್ ಜೊತೆ ಶೆಟ್ಟಿಹಳ್ಳಿಯಲ್ಲಿ ಅರ್ಧ ದಿನ ಹೊಸದಾಗಿ ತೆಗೆದ ಕೆಲವು ಶಾಟ್ ಸೇರಿಸಿ ಮೂರು ಹಾಡನ್ನೂ ಕಟ್ಟಿಕೊಟ್ಟ. ಸಿನಿಮಾದಲ್ಲಿ ಸೋತವನು ಅಲ್ಲಿ ಕೈ ಆಡಿಸಿದ್ದು ನೋಡಬೇಕಿತ್ತು. ಎರಡನೆಯ ಕಂತು ಬಂತು, ರೀಶೂಟಿಗೆ ಆಯಿತು.

ಕಾಫಿ ಹೂವಿನ ಹಾಡನ್ನು ಮಾತ್ರ ಗೌಡರು ಬಿಟ್ಟುಕೊಡಲಿಲ್ಲ. ಒಂದು ಚರಣಕ್ಕೆ ಇಳಿಸಿ ಸಿನಿಮಾದಲ್ಲೇ ಉಳಿಸಿದರು. ನನ್ನನ್ನು ಕೇಳಿದ್ದರೆ ಅದನ್ನೂ ತೆಗೆಯಿರಿ ಎನ್ನುತ್ತಿದ್ದೆ. ಕೇಳಲಿಲ್ಲ. ದುಡ್ಡು ಹಾಕಿದವರ ತೋಟ, ದುಡ್ಡು ಹಾಕಿದವರ ಹೂವು.

ಮತ್ತೆ ತೆಗೆದದ್ದು

ರೀಶೂಟಿಗೆ ಹೊತ್ತು ಹೊಂದಿಸುವುದೇ ಕಷ್ಟವಾಯಿತು. ಮಳೆ ಬಿಡಬೇಕು, ಕೊಯ್ಲು ಜೋರಾಗಿರಬಾರದು, ಯಾಕೆಂದರೆ ದೃಶ್ಯಗಳಿದ್ದದ್ದು ತೋಟದ ಕೆಲಸದವರ ಲೈನ್ ಮನೆಗಳ ಮುಂದೆ ಮತ್ತು ಕಣದ ಪಕ್ಕದ ಜಗುಲಿಯಲ್ಲಿ. ಇನ್ನೊಂದು ಕಡೆ ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಹಾಸನದಲ್ಲಿ ಒಂದು ರೂಮೂ ಸಿಗುವುದಿಲ್ಲ, ಬಂದೋಬಸ್ತು ಎಂದು ರಸ್ತೆಗಳೂ ಬಂದ್. ದೀಪಾವಳಿ ಮುಗಿದ ಮೇಲೆ ಸಿಕ್ಕ ಸಣ್ಣ ಸಂದಿಯಲ್ಲಿ ಕೆಲಸ ನಡೆಯಿತು.

ಅದಕ್ಕೆ ಮೊದಲು ಸಮುದಾಯ ಭವನವೊಂದರಲ್ಲಿ ರಿಹರ್ಸಲ್. ನನ್ನ ಪಾಲಿನ ಕೆಲಸ ಇದ್ದದ್ದು ಅಲ್ಲಿ. ನಿರ್ದೇಶಕನಿಗೆ ಕೊಟ್ಟ ನಿಯಮ ಒಂದೇ: ದೃಶ್ಯ ಶುರುವಾದ ಮೇಲೆ ಮಾತಾಡುವಂತಿಲ್ಲ, ಮುಗಿದ ಮೇಲೆ ಎಷ್ಟು ಬೇಕಾದರೂ ಮಾತಾಡು. ಮೊದಲ ದಿನ ಅವನು ಕೈಯಲ್ಲಿ ಸನ್ನೆ ಮಾಡಲು ಶುರುಮಾಡಿದ. ಕೈಯನ್ನೂ ಕಟ್ಟಿಸಬೇಕಾಯಿತು. ಕಲಾವಿದರನ್ನು ಗೋಡೆ ಕಡೆ ಕೂರಿಸಿ, ಅವನನ್ನು ಅವರ ಬೆನ್ನ ಹಿಂದೆ ಕೂರಿಸಿ, ಕಣ್ಣು ಮುಚ್ಚಿ ಕೇಳು ಎಂದೆ. ಕಣ್ಣಿನಿಂದಲೇ ಬದುಕಿದವನು ಅವನು, ಚಡಪಡಿಸಿದ. ನಾಲ್ಕನೆಯ ಸಲವೋ ಐದನೆಯ ಸಲವೋ ಅಣ್ಣ ತಂಗಿಯ ದೃಶ್ಯ ಮುಗಿದಾಗ, "ಸಾರ್, ಅವಳು ಸಾಲದ ಮೊತ್ತ ಕೇಳಿದ್ಮೇಲೆ ಅಣ್ಣ ತಕ್ಷಣ ಉತ್ತರ ಕೊಡಬಾರ್ದು, ಅಲ್ವಾ? ಅವನಿಗೆ ನಾಚಿಕೆ" ಎಂದ. ಅಲ್ಲಿಯವರೆಗೆ ಆ ದೃಶ್ಯದ ಬಗ್ಗೆ ಅವನು ಹೇಳುತ್ತಿದ್ದದ್ದೆಲ್ಲ ಬೆಳಕಿನ ಮಾತು, ಲೆನ್ಸಿನ ಮಾತು. ಪಾತ್ರದ ಬಗ್ಗೆ ಕಿವಿಯಿಂದ ಹಿಡಿದ ಮೊದಲ ಮಾತು ಅದು.

ಮೂರೂ ದೃಶ್ಯಗಳನ್ನು ಸಿಂಕ್ ಸೌಂಡ್‌ನಲ್ಲಿ, ಅಂದರೆ ಮಾತನ್ನು ಸೆಟ್‌ನಲ್ಲೇ ಹಿಡಿದು, ತೆಗೆದರು. ಸಿಂಕ್ ಸೌಂಡ್ ಡಬ್ಬಿಂಗ್‌ಗಿಂತ ಮೇಲು ಎಂಬ ವಾದ ನನ್ನದಲ್ಲ. ಇಲ್ಲಿ ಅದರ ಉಪಯೋಗ ಬೇರೆ. ಬೂಮ್ ಮೈಕ್ ಮೇಲಿದ್ದರೆ ನಿರ್ದೇಶಕ ಬಾಯಿ ತೆರೆಯುವಂತಿಲ್ಲ, ತೆರೆದರೆ ಟೇಕ್ ಹಾಳು, ಸೌಂಡಿನವನು ಎಲ್ಲರೆದುರು ಬೈಯುತ್ತಾನೆ. ಜನರೇಟರನ್ನು ತೋಟದ ಆ ಕಡೆ ಸಾಗಿಸಿ ಕೇಬಲ್ ಎಳೆದರು. ಕೊಟ್ಟಿಗೆಯ ಪಂಪ್‌ಸೆಟ್ಟು ನಿಲ್ಲಿಸಿದರು. ಹೆಡ್‌ಫೋನ್ ಹಾಕಿಕೊಂಡು ದೂರ ಕೂತ ನಿರ್ದೇಶಕ ಜಗುಲಿ ದೃಶ್ಯದಲ್ಲಿ ಒಂದೇ ಒಂದು ಲಾಂಗ್ ಟೇಕ್ ಓಕೆ ಮಾಡಿದ. ಹುಡುಗಿ ಅದರಲ್ಲಿ ಒಮ್ಮೆ ತಪ್ಪಿ ಸೆರಗಿನ ಅಂಚು ಬಾಯಿಗೆ ಕಚ್ಚಿಕೊಂಡಳು. ಯಾರೂ ಹೇಳಿಕೊಟ್ಟದ್ದಲ್ಲ. ಅದು ಸಿನಿಮಾದಲ್ಲಿದೆ.

ಈಗಿನ ಕಟ್ ಎರಡು ಗಂಟೆ ಹತ್ತು ನಿಮಿಷ. ಮತ್ತೆ ತೆಗೆಯದ ದೃಶ್ಯಗಳಲ್ಲಿ ಹಳೆಯ ಅಂಜಿಕೆ ಇನ್ನೂ ಅಲ್ಲಲ್ಲಿ ಇಣುಕುತ್ತದೆ, ದ್ವಿತೀಯಾರ್ಧದಲ್ಲಿ ಹೆಚ್ಚು. ಚೆನ್ನಾಗಿರುವ ಸಿನಿಮಾ ಎನ್ನಲಾರೆ. ನೋಡಬಹುದಾದ ಸಿನಿಮಾ, ಅದರೊಳಗೆ ಮೂರು ನಾಲ್ಕು ಒಳ್ಳೆಯ ದೃಶ್ಯ.

ಇದೇ ದಾರಿಯಲ್ಲಿ ಹೋದವರು

ಸಂಗೀತ ವಿಡಿಯೋದಿಂದ ಸಿನಿಮಾಕ್ಕೆ ಬರುವುದು ಹೊಸ ದಾರಿಯಲ್ಲ. ಅಮೆರಿಕದ ಡೇವಿಡ್ ಫಿಂಚರ್ 1980ರ ದಶಕದಲ್ಲಿ ಸಂಗೀತ ವಿಡಿಯೋಗಳಿಂದ ದೊಡ್ಡ ಹೆಸರು ಮಾಡಿ 1992ರಲ್ಲಿ ಮೊದಲ ಚಿತ್ರಕ್ಕೆ ಬಂದರು. ಅದರಲ್ಲಿ ಸ್ಟುಡಿಯೋದವರೊಂದಿಗೆ ಎಷ್ಟು ಕಿತ್ತಾಟವಾಯಿತೆಂದರೆ ಮುಂದೆ ಆ ಚಿತ್ರವನ್ನು ತನ್ನದೆಂದು ಹೇಳಿಕೊಳ್ಳಲೂ ಅವರಿಗೆ ಮನಸ್ಸಿರಲಿಲ್ಲ. ಜಲಂಧರಿನಲ್ಲಿ ಹುಟ್ಟಿದ ತರ್ಸೆಮ್ ಸಿಂಗ್ 1991ರ ಒಂದೇ ವಿಡಿಯೋದಿಂದ ಜಗತ್ತಿಗೆ ಗೊತ್ತಾದರೂ ಮೊದಲ ಸಿನಿಮಾ ಬಂದದ್ದು 2000ದಲ್ಲಿ. ಹಿಂದಿಯ ಪ್ರದೀಪ್ ಸರ್ಕಾರ್ ಜಾಹೀರಾತು, ಸಂಗೀತ ವಿಡಿಯೋಗಳಲ್ಲಿ ವರ್ಷಗಟ್ಟಲೆ ದುಡಿದು ಮೊದಲ ಚಿತ್ರ ಮಾಡಿದ್ದು 2005ರಲ್ಲಿ, ಐವತ್ತರ ವಯಸ್ಸಿನಲ್ಲಿ. ಇಂಥವರ ಬಗ್ಗೆ ವಿಮರ್ಶಕರು ಮಾಡುವ ಆರೋಪ ಎಲ್ಲ ಕಡೆ ಒಂದೇ, ಕಣ್ಣಿಗೆ ಹಬ್ಬ, ಕಥೆ ಇಲ್ಲ. ನನಗೆ ಆ ಆರೋಪ ಅರ್ಧ ಸರಿ ಅನಿಸುತ್ತದೆ. ನಮ್ಮ ಪ್ರಕರಣದಲ್ಲಿ ಕಥೆ ಇತ್ತು. ಕಥೆ ಹೇಳುವವರ ಮಾತಿಗೆ ಕಿವಿಗೊಡುವ ಅಭ್ಯಾಸ ಇರಲಿಲ್ಲ.

ಇನ್ನೊಂದು ವಿಷಯ ಹಾಸನದ ಹುಡುಗರಿಗೆ ಗೊತ್ತಿರಬೇಕು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ನಿರ್ಮಾಪಕ, ನಿರ್ದೇಶಕನಲ್ಲ. ಸಂಗೀತ ವಿಡಿಯೋ ಕೂಡ ಕಾನೂನಿನ ಕಣ್ಣಿನಲ್ಲಿ ಸಿನಿಮಾವೇ. 2012ರ ತಿದ್ದುಪಡಿಯಲ್ಲಿ ಗೀತರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ಬಿಟ್ಟುಕೊಡಲಾಗದ ರಾಯಲ್ಟಿ ಹಕ್ಕು ಬಂತು. ನಿರ್ದೇಶಕನಿಗೆ ಅಂಥದ್ದೇನೂ ಬರಲಿಲ್ಲ. ಹಾಡು ಕೋಟಿ ಸಲ ಓಡಿದರೂ ಒಪ್ಪಂದದಲ್ಲಿ ಬರೆದದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳುವ ಹಾದಿಯಿಲ್ಲ. ಈ ನಿರ್ದೇಶಕ ಮಾಡಿದ ಹಾಡುಗಳು ಬೇರೆಯವರ ಚಾನೆಲ್‌ಗಳಲ್ಲಿ ಇವತ್ತಿಗೂ ದುಡಿಯುತ್ತಿವೆ, ಅವನಿಗೆ ಬಂದದ್ದು ಆವತ್ತಿನ ಸಂಭಾವನೆ ಮಾತ್ರ. ಹಾಡುಗಳಲ್ಲಿ ಎರಡಕ್ಕೆ ಅವನ ಹೆಸರೂ ಇಲ್ಲ, ವಿವರಣೆಯಲ್ಲಿ ಯಾರೋ ತೆಗೆದುಹಾಕಿದ್ದಾರೆ. ಹೊಸ ಕೆಲಸ ಕೇಳಲು ಹೋದಾಗ ಇವು ನನ್ನವು ಎಂದು ತೋರಿಸಲು ದಾಖಲೆ ಇರಲಿಲ್ಲ. ಗೌಡರ ಲೆಟರ್‌ಹೆಡ್ ಹಾಳೆಯಲ್ಲೂ ನಿರ್ದೇಶಕನ ಸಂಭಾವನೆ ಯಾವಾಗ, ಯಾವ ಹಂತದಲ್ಲಿ ಎಂದು ಬರೆದಿರಲಿಲ್ಲ. ರೀಶೂಟಿಗೆ ಅವನು ಬಿಡಿಗಾಸಿಲ್ಲದೆ ದುಡಿದ.

ಅದೇ ವಕೀಲರ ಹತ್ತಿರ ಈಗ ಎರಡು ಪುಟದ ಕನ್ನಡ ಕರಾರು ಮಾಡಿಸಿಕೊಂಡಿದ್ದಾನೆ. ಹೆಸರು ಎಲ್ಲಿ ಹೇಗೆ ಬರಬೇಕು, ಕೆಲಸದ ಮಾದರಿಯಾಗಿ ತೋರಿಸುವ ಹಕ್ಕು, ದುಡ್ಡು ಮೂರು ಕಂತಿನಲ್ಲಿ, ಒಪ್ಪಿದ ಕಟ್ ಆದ ಮೇಲಿನ ಬದಲಾವಣೆಗೆ ಬೇರೆ ಸಂಭಾವನೆ. ಒಬ್ಬ ಗಾಯಕ ಅದನ್ನು ನೋಡಿ "ಏನಣ್ಣಾ, ಸೈಟ್ ರಿಜಿಸ್ಟ್ರೇಷನ್ನಾ?" ಎಂದು ಎದ್ದು ಹೋದನಂತೆ. ಇಬ್ಬರು ಸಹಿ ಹಾಕಿದ್ದಾರೆ.

ಹಾಗೆ ಸಹಿ ಹಾಕಿದ ಇಬ್ಬರ ಹಾಡುಗಳಲ್ಲಿ ಒಂದರ ಶೂಟಿಂಗಿಗೆ ಚಾರ್ಮಾಡಿ ಕಡೆ ನಾನೂ ಹೋಗಿದ್ದೆ. ನಾಗ್ರಾ ಓಡುತ್ತಿತ್ತು, ಅವನು ಎಂದಿನಂತೆ ಕೂಗುತ್ತಿದ್ದ. ಹಾಡಿಗೆ ಅದು ಬೇಕು. ಕೊಳಲಿನ ಬಿಟ್ ಬಂದಾಗ ಮಾತ್ರ ಸುಮ್ಮನಾಗಿ ಕಲಾವಿದರಿಗೆ ಅವರಿಷ್ಟದಂತೆ ನಡೆಯಲು ಬಿಟ್ಟ. ಅದರಲ್ಲಿ ಎರಡು ಟೇಕ್ ಕೆಟ್ಟವು, ಮೂರನೆಯದು ಉಳಿಯಿತು.

ಗೌಡರಿಗೆ ಎರಡನೆಯ ಸಿನಿಮಾ ಮಾಡುವ ಆಸೆ ಇದೆ, ಈ ಸಲ ಹಾಡು ಇಲ್ಲದೆಯೂ ಆಗಬಹುದು ಎಂದು ಅವರೇ ಹೇಳಿದ್ದಾರೆ. ನಿರ್ದೇಶಕ ಶೂಟಿಂಗಿಗೆ ಮೊದಲು ಒಂದು ತಿಂಗಳ ರಿಹರ್ಸಲ್ ಮತ್ತು ಅದರ ಖರ್ಚು ಬರವಣಿಗೆಯಲ್ಲಿ ಬೇಕು ಎಂದಿದ್ದಾನೆ. "ಕ್ಯಾಮೆರಾ ಇಲ್ದೆ ತಿಂಗಳು ಪೂರ್ತಿ ಊಟ ಹಾಕ್ಬೇಕಾ?" ಎಂಬಲ್ಲಿಗೆ ಮಾತು ನಿಂತಿದೆ. ರೊಬಸ್ಟಾ ಕೊಯ್ಲು ಮುಗಿದ ಮೇಲೆ ನೋಡೋಣ ಎಂದಿದ್ದಾರೆ ಗೌಡರು.